ಕರಡಪ್ಪನಿಗೊಬ್ಬ ಲೈಫ್ ಕೋಚ್
ಛಾಪಾಖಾನೆಯಲ್ಲಿ ಕರಡು ತಿದ್ದುವ ಈ ಮನುಷ್ಯನನ್ನು ಎಲ್ಲರೂ ಕರಡಪ್ಪ ಎಂದೇ ಕರೆಯುತ್ತಾರೆ. ಕೆಲಸ ಬಿಟ್ಟು ಸ್ವಂತ ಬೈಂಡಿಂಗ್ ಅಂಗಡಿ ಹಾಕಬೇಕೋ ಬೇಡವೋ ಎಂದು ವರ್ಷಗಟ್ಟಲೆ ಹೆಂಡತಿಯ ತಲೆ ತಿಂದವನು, ಈಗ ಅದನ್ನು ತೀರ್ಮಾನಿಸಲು ಒಬ್ಬ ಲೈಫ್ ಕೋಚನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಉಳಿದ ತಲೆಯನ್ನೂ ತಿನ್ನುತ್ತಿದ್ದಾನೆ. ಮೊದಲ ಭೇಟಿ ಪುಕ್ಕಟೆ ಎಂದು ಬೋರ್ಡು ಹಾಕಿದವರನ್ನೆಲ್ಲ ನೋಡಿ ಬಂದಾಯಿತು. ಕುರ್ಚಿಗೆ ಕುಂಡೆ ತಾಗುವ ಮೊದಲೇ ಪ್ರಶ್ನೆ ಕೇಳುವವನು ಇವನೇ: “ನಿಮ್ಮ ಬದುಕು ನೆಟ್ಟಗಿದೆಯಾ ಸ್ವಾಮಿ? ಮನೇಲಿ ನಿಮ್ಮ ಮಾತು ಕೇಳ್ತಾರಾ?” ಒಬ್ಬ ಕೋಚಂತೂ ತನ್ನ ಅಣ್ಣನ ಜೊತೆಗಿನ ಜಗಳವನ್ನೆಲ್ಲ ಹೇಳಿಕೊಂಡು ಮೂಗು ಒರೆಸಿಕೊಂಡ, ಇನ್ನೊಬ್ಬ ಇವನ ಬುದ್ಧಿಮಾತು ಕೇಳಿ ಕೋಚಿಂಗನ್ನೇ ಬಿಟ್ಟು ಮತ್ತೆ ಮೇಷ್ಟ್ರಾದ. ಪ್ರತಿಸಲವೂ ಕರಡಪ್ಪ ಮನೆಗೆ ಬಂದು, “ಇವನೂ ತಪ್ಪಿನ ಮೂಟೆ ಕಣೇ” ಎಂದು ಬೀಗುತ್ತಾನೆ. “ನಿಮ್ಮನ್ನೇ ಅವರಿಗೆ ಕೋಚಾಗಿ ಕಳಿಸ್ಬೇಕು” ಎಂದು ಹೆಂಡತಿ ಕುಟುಕುತ್ತಾಳೆ. ಮೊನ್ನೆ ಮಾತ್ರ ಕೋಚ್ ಹೆಂಗಸೊಬ್ಬಳು ಎಲ್ಲ ಪ್ರಶ್ನೆಗೂ ನಗುನಗುತ್ತಾ ಉತ್ತರ ಕೊಟ್ಟು, “ನನ್ನದು ಮುಗೀತು. ಈಗ ನೀವು ಹೇಳಿ ಸಾರ್, ಅಂಗಡಿ ಯಾವಾಗ?” ಎಂದಳು. ಇವನು ನೀರು ಕುಡಿದು ಬರುತ್ತೇನೆಂದು ಎದ್ದವನು ನೇರ ಮನೆಗೇ ಬಂದ. ಊಟಕ್ಕೆ ಕೂತು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದ. “ಯಾಕ್ರೀ, ಇವತ್ತಿನ ಕೋಚಲ್ಲಿ ಎಷ್ಟು ತಪ್ಪು ಸಿಕ್ಕಿದ್ವು?” ಎಂದು ಹೆಂಡತಿ ಕೆಣಕಿದಳು. ಕರಡಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದ: “ಒಂದೂ ಸಿಗ್ಲಿಲ್ಲ ಕಣೇ. ಈಗ ಭಯ ಆಗ್ತಿದೆ.”