ಆರನೆಯ ಹೆಗಲು

ನಾನು ಒಂದು ಅಂತರ್ಯುದ್ಧದಲ್ಲಿ ಸೋತ ಕಡೆಯವನು. ಯುದ್ಧ ನಡೆದದ್ದು ಐರ್ಲೆಂಡಿನಲ್ಲಿ, ನಾನು ಹುಟ್ಟುವುದಕ್ಕೆ ಅರವತ್ತು ವರ್ಷಕ್ಕೂ ಮೊದಲು. ನಾನು ಹುಟ್ಟಿದ್ದು ಮೈಸೂರಿನಲ್ಲಿ. ಆ ಕಡೆಗೆ ಸೇರಿದ ಕಾರಣ ಇಷ್ಟೇ: ನನ್ನ ಹತ್ತಿರ ಕಾರಿತ್ತು, ನನ್ನ ಮನೆ ಯಜಮಾನರ ಹತ್ತಿರ ಇರಲಿಲ್ಲ.

ಗಾಲ್ವೇಯಲ್ಲಿ ಹೃದಯದ ಸ್ಟೆಂಟ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ನನಗೆ ಕ್ವಾಲಿಟಿ ವಿಭಾಗದ ಕೆಲಸ ಸಿಕ್ಕಿತ್ತು. ಮನೆ ಸಿಗಲಿಲ್ಲ. ಊರೊಳಗೆ ಒಂದು ಕೋಣೆ ಖಾಲಿಯಿದೆಯೆಂದರೆ ನೋಡಲು ನಲವತ್ತು ಜನ ಸಾಲು ನಿಲ್ಲುತ್ತಿದ್ದರು, ನಾನು ಯಾವಾಗಲೂ ನಲವತ್ತೊಂದನೆಯವನು. ಕೊನೆಗೆ ಊರಿನಿಂದ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ, ಮದುವೆಯಾಗದ ಎಂಬತ್ತು ದಾಟಿದ ಮುದುಕರೊಬ್ಬರು ತಮ್ಮ ಮನೆಯ ಮೇಲಿನ ಕೋಣೆ ಕೊಟ್ಟರು. ಕರಾರಿನಲ್ಲಿ ಎರಡೇ ಮಾತು. ಒಂದು, ಭಾನುವಾರ ಚರ್ಚಿಗೆ ಕಾರಿನಲ್ಲಿ ಕರೆದುಕೊಂಡು ಹೋಗಬೇಕು. ಎರಡು, ರಸ್ತೆಯಾಚೆಯ ಹಸಿರು ಗೇಟಿನ ಮನೆಯವರ ಹತ್ತಿರ ಮಾತು ಬೇಡ.

ಎರಡನೆಯ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲೂ ಓನರುಗಳು ಹೀಗೆ ಹೇಳುವವರೇ. ಆ ವರ್ಷದ ದೀಪಾವಳಿಗೆ ರವೆ ಉಂಡೆ ಕಟ್ಟಿ, ಹಬ್ಬದ ದಿನ ಅಕ್ಕಪಕ್ಕಕ್ಕೆ ಕೊಡುವುದು ವಾಡಿಕೆಯಲ್ಲವೇ ಎಂದು ಒಂದು ಡಬ್ಬಿ ತುಂಬಿ ಹಸಿರು ಗೇಟಿನ ಮನೆಗೂ ಕೊಟ್ಟು ಬಂದೆ. ಆ ಮನೆಯಾತ ಅರವತ್ತರ ಸುಮಾರಿನ ರೈತ, ನನ್ನಷ್ಟೇ ಎತ್ತರ, ತಲೆಯ ಮೇಲೆ ಸದಾ ಒಂದು ಟೋಪಿ. ಮರುದಿನ ಡಬ್ಬಿ ಹಿಂದಿರುಗಿ ಬಂತು. ಖಾಲಿ ಡಬ್ಬಿ ಕೊಡಬಾರದೆಂಬ ರೂಢಿ ಅವರಲ್ಲೂ ಇದೆಯೆಂದು ಕಾಣುತ್ತದೆ, ಒಳಗೆ ಮನೆಯಲ್ಲಿ ಮಾಡಿದ ಕಂದು ಬ್ರೆಡ್ಡಿತ್ತು. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು. ತೊಂಬತ್ತು ವರ್ಷ ಮೇಲಾಯಿತು, ಆ ಮನೆಯ ಬ್ರೆಡ್ಡು ಈ ಮೇಜಿನ ಮೇಲೆ ಬಂದದ್ದು ಇದೇ ಮೊದಲು ಎಂದರು. ಎಸೆ ಎನ್ನಲಿಲ್ಲ, ತಿನ್ನಲೂ ಇಲ್ಲ. ನಾನು ಮೂರು ದಿನ ಹಿತ್ತಲ ಶೆಡ್ಡಿನಲ್ಲಿ ನಿಂತು ತಿಂದು ಮುಗಿಸಿದೆ. ಬ್ರೆಡ್ಡು ಚೆನ್ನಾಗಿತ್ತು.

ಬ್ರೆಡ್ಡು ಬಂದ ದಿನದ ಸಂಜೆ ಯಜಮಾನರು ಕಥೆ ಹೇಳಿದರು. ಅವರ ಅಪ್ಪ ಮತ್ತು ಹಸಿರು ಗೇಟಿನ ರೈತನ ತಾತ ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಹಳ್ಳದಲ್ಲಿ ಅಡಗಿ ಕೂತು ಇಂಗ್ಲಿಷರ ಮೇಲೆ ಗುಂಡು ಹಾರಿಸಿದವರು. ಆಮೇಲೆ ಒಪ್ಪಂದವಾಯಿತು. ದೇಶದ ಒಂದು ಭಾಗ ಬ್ರಿಟನ್ನಿಗೇ ಉಳಿಯಿತು, ಉಳಿದದ್ದಕ್ಕೂ ರಾಜನ ಹೆಸರಿನಲ್ಲಿ ಪ್ರಮಾಣ ಮಾಡಬೇಕು. ರೈತನ ತಾತ ಸದ್ಯಕ್ಕೆ ಇಷ್ಟು ಸಾಕೆಂದರು, ಯಜಮಾನರ ಅಪ್ಪ ಸಾಲದೆಂದರು. ಹೊರಗಿನವನನ್ನು ಓಡಿಸಿ ಕೈ ತೊಳೆಯುವ ಮೊದಲೇ ಒಳಗಿನವರು ಹೊಡೆದಾಡಿಕೊಂಡರು. ಅಣ್ಣತಮ್ಮಂದಿರ ಪಾಲಿನ ಜಗಳ ನೋಡಿದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಸಾಲದೆಂದವರು ಸೋತರು.

ಒಂದು ಮುಂಜಾನೆ ರೈತನ ತಾತ ಹೊಸ ಸರ್ಕಾರದ ಸಮವಸ್ತ್ರ ತೊಟ್ಟು, ನಾಲ್ವರು ಸೈನಿಕರೊಂದಿಗೆ ಬಂದು ಯಜಮಾನರ ಅಪ್ಪನನ್ನು ಹಿಡಿದುಕೊಂಡು ಹೋದರಂತೆ. ಆ ಅಪ್ಪ ಒಂದು ವರ್ಷ ಜೈಲು ಕ್ಯಾಂಪಿನಲ್ಲಿದ್ದು, ಉಪವಾಸ ಮಾಡಿ, ಅರ್ಧ ಮೈಯಾಗಿ ಮನೆಗೆ ಬಂದರು. ಯಜಮಾನರಿಗೆ ಜೈಲಿನ ಬಗ್ಗೆ ಅಂಥ ಸಿಟ್ಟಿರಲಿಲ್ಲ. ಯುದ್ಧವೆಂದರೆ ಹಿಡಿಯುತ್ತಾರೆ. ಸಿಟ್ಟಿದ್ದದ್ದು ಬೇರೆಯದಕ್ಕೆ. ಬಾಗಿಲು ದಾಟುವಾಗ ಆ ತಾತ, "ಕೋಟು ಹಾಕ್ಕೋ, ಹೊರಗೆ ಚಳಿ" ಎಂದಿದ್ದರಂತೆ.

"ಹಿಡ್ಕೊಂಡು ಹೋಗ್ಲಿ," ಎಂದರು ಯಜಮಾನರು. ಅವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ನನಗೆ ಈಗ ಕೇಳಿಸುವುದೆಲ್ಲ ಕನ್ನಡದಲ್ಲೇ. "ಕೋಟು ಹಾಕ್ಕೋ ಅಂತ ಯಾಕನ್ಬೇಕಿತ್ತು?"

ಒಬ್ಬ ಮನುಷ್ಯ ನೂರು ವರ್ಷದ ಹಿಂದೆ ಕೋಟು ಹಾಕಿಕೋ ಎಂದದ್ದಕ್ಕೆ ಇವರು ಇಂದಿಗೂ ಬ್ರೆಡ್ಡು ತಿನ್ನುವುದಿಲ್ಲವಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

ಸೋತವರು ಸುಮ್ಮನೆ ಕೂತವರೂ ಅಲ್ಲ. ಒಂದು ಪಕ್ಷ ಕಟ್ಟಿ, ಹತ್ತು ವರ್ಷ ತುಂಬುವಷ್ಟರಲ್ಲಿ ಚುನಾವಣೆ ಗೆದ್ದು, ಆಮೇಲೆ ದಶಕಗಟ್ಟಲೆ ದೇಶ ಆಳಿದರು. ಹಾಗಾದರೆ ನೀವು ಸೋತದ್ದೆಲ್ಲಿ ಬಂತು ಎಂದು ಒಮ್ಮೆ ಕೇಳಿದೆ. ಸರ್ಕಾರ ಬೇರೆ, ಸೋಲು ಬೇರೆ ಎಂದರು. ಈಚೆಗೆ ಸೋತವರ ಪಕ್ಷವೂ ಗೆದ್ದವರ ಪಕ್ಷವೂ ಒಂದೇ ಸರ್ಕಾರದಲ್ಲಿ ಅಕ್ಕಪಕ್ಕ ಕೂತ ಮೇಲೆ, ಯಜಮಾನರು ಬ್ಯಾಲೆಟ್ಟಿನ ಮೇಲೆ ಏನೂ ಬರೆಯದೆ ಮಡಚಿ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಖಾಲಿ ಕಾಗದ ಹಾಕುವುದಕ್ಕೆ ಅವರು ಇಸ್ತ್ರಿ ಮಾಡಿದ ಸೂಟು ತೊಡುತ್ತಿದ್ದರು. ಕಾರು ಓಡಿಸುವವನು ನಾನು.

ವಸಂತಕ್ಕೊಂದು ಭಾನುವಾರ ಇನ್ನೊಂದು ಕಡೆಗೂ ಓಡಿಸಬೇಕಿತ್ತು. ಸೋತ ಕಡೆಯ ಇಬ್ಬರನ್ನು ಗುಂಡಿಟ್ಟು ಕೊಂದ ಜಾಗದಲ್ಲಿ, ರಸ್ತೆ ಪಕ್ಕ, ಕಲ್ಲಿನ ಒಂದು ಶಿಲುಬೆಯಿದೆ. ಅಲ್ಲಿ ಹೂವಿಟ್ಟು, ಪ್ರಾರ್ಥನೆ ಹೇಳಿ, ಥರ್ಮಾಸಿನಿಂದ ಚಹಾ ಕುಡಿಯುತ್ತಿದ್ದರು. ನಾನು ಮೊದಲ ಸಲ ಹೋದಾಗ ಏಳು ಜನ, ಐದು ವರ್ಷದ ಮೇಲೆ ಮೂವರು. ನನ್ನನ್ನೂ ಸೇರಿಸಿ ನಾಲ್ವರೆಂದು ಅವರು ಎಣಿಸುತ್ತಿದ್ದರು. ನಾನು ತಡೆಯಲಿಲ್ಲ. ನನ್ನೂರಿನಲ್ಲಿ ನನ್ನನ್ನು ಯಾವುದಕ್ಕೂ ಎಣಿಸಿದವರಿಲ್ಲ. ಅವರ ಲೆಕ್ಕದಲ್ಲಿ ನಾನಿರುವುದು ನನಗೆ ಹಿತವಾಗಿತ್ತು.

ಹಸಿರು ಗೇಟಿನ ರೈತನ ವಿಷಯ ಒಂದು ಹೇಳಬೇಕು. ಪ್ರತಿ ಚಳಿಗಾಲ ನಮ್ಮ ಗೇಟಿನ ಬಳಿ ಟರ್ಫ್ ಬಂದು ಬೀಳುತ್ತಿತ್ತು. ಟರ್ಫ್ ಎಂದರೆ ಜೌಗುನೆಲದಿಂದ ಕತ್ತರಿಸಿ ಒಣಗಿಸಿದ ಮಣ್ಣಿನ ಇಟ್ಟಿಗೆ, ಅಲ್ಲಿನ ಸೌದೆ. ಟ್ರಾಕ್ಟರಿನ ಸದ್ದು ಇಡೀ ರಸ್ತೆಗೆ ಕೇಳುತ್ತಿತ್ತು. ಯಜಮಾನರು ಸದ್ದು ನಿಲ್ಲುವವರೆಗೆ ರೇಡಿಯೋ ಜೋರು ಮಾಡಿ, ಆಮೇಲೆ ಹೊರಗೆ ಬಂದು, "ಟರ್ಫ್ ಬಂದೈತೆ" ಎನ್ನುತ್ತಿದ್ದರು. ಬಿರುಗಾಳಿಗೆ ಬೇಲಿ ಬಿದ್ದರೆ ಮರುದಿನ ಬೇಲಿಯೂ ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಆ ಮನೆಯಲ್ಲಿ ಇಂಥ ಪವಾಡಗಳು ಬಹಳ.

ಹೋದ ಶರತ್ಕಾಲದಲ್ಲಿ ಯಜಮಾನರಿಗೆ ಉಸಿರಾಟ ಕಷ್ಟವಾಯಿತು. ಒಂದು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಚರ್ಚಿನ ಪತ್ರಿಕೆಯ ಹಿಂಬದಿಯಲ್ಲಿ ಪಟ್ಟಿ ಬರೆದರು. ಅಲ್ಲಿ ಶವಪೆಟ್ಟಿಗೆಯನ್ನು ಆರು ಜನ ಹೆಗಲ ಮೇಲೆ ಹೊರುತ್ತಾರೆ, ಒಂದೇ ಎತ್ತರದ ಇಬ್ಬಿಬ್ಬರ ಮೂರು ಜೋಡಿ. ಪೆಟ್ಟಿಗೆ ಜಾರದಿರಲು ಜೋಡಿಯವರು ಒಬ್ಬರ ಹೆಗಲ ಮೇಲೊಬ್ಬರು ತೋಳು ಹಾಕಿಕೊಂಡು ನಡೆಯಬೇಕು. ಪಟ್ಟಿಯಲ್ಲಿ ರಾಜಧಾನಿಯ ಸ್ಯಾಂಟ್ರಿ ಬಡಾವಣೆಯಲ್ಲಿದ್ದ ಅವರ ತಂಗಿಯ ಮಗಳು, ಅವಳ ಇಬ್ಬರು ಗಂಡುಮಕ್ಕಳು, ಶಿಲುಬೆಯ ಬಳಿಯ ಇಬ್ಬರು ಮುದುಕರು. ಇವರು ಐದು.

"ಆರನೆಯವನು ನೀನು," ಎಂದರು. "ಹಸಿರು ಗೇಟಿನೋನ ಹೆಗಲು ನನ್ನ ಕೆಳಗೆ ಬರಕೂಡದು. ನಮ್ಮಪ್ಪನ್ನ ಆ ಮನೆಯವರು ಹೊತ್ಕೊಂಡು ಹೋದದ್ದು ಒಂದು ಸಲ ಸಾಕು. ಆಯ್ತಾ?"

ನಮ್ಮ ಮನೆತನದಲ್ಲಿ ಅಪ್ಪ ಬದುಕಿರುವ ಮಗ ಹೆಣಕ್ಕೆ ಹೆಗಲು ಕೊಡುವುದಿಲ್ಲ. ಕೊಟ್ಟರೆ ಅಪ್ಪನಿಗೆ ಕೇಡು. ನನ್ನ ಅಪ್ಪ ಮೈಸೂರಿನಲ್ಲಿದ್ದಾರೆ, ವಯಸ್ಸು ಎಪ್ಪತ್ತೆಂಟು, ಎದೆಯಲ್ಲಿ ಎರಡು ಸ್ಟೆಂಟು. ಇದನ್ನು ಆಗಲೇ ಹೇಳಬೇಕಿತ್ತು. ಆದರೆ ಹಿರಿಯರು ಮುಖ ನೋಡಿ ಕೇಳಿದಾಗ ಆಗುವುದಿಲ್ಲ ಎನ್ನುವುದನ್ನು ನನಗೆ ಯಾರೂ ಕಲಿಸಿಲ್ಲ. ಆಯ್ತು ಎಂದೆ. ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಅವರು ಪಟ್ಟಿ ಮಡಚಿ ನನ್ನ ಕೈಗೇ ಕೊಟ್ಟು, ಗ್ರಾಂಡ್ ಎಂದರು. ಅಲ್ಲಿ ಎಲ್ಲ 'ಸರಿ'ಗೂ ಅದೇ ಮಾತು.

ಜನವರಿಯಲ್ಲಿ ಯಜಮಾನರು ಹೋದರು. ನನಗೆ ಅಷ್ಟು ಅಳು ಬರುತ್ತದೆಂದು ನಾನು ಎಣಿಸಿರಲಿಲ್ಲ. ಅತ್ತಾದ ಮೇಲೆ ಅಪ್ಪನಿಗೆ ಫೋನು ಮಾಡಿದೆ. ಅಪ್ಪ ನಿವೃತ್ತ ಫಿಸಿಕ್ಸ್ ಮೇಷ್ಟ್ರು, ರಾಹುಕಾಲದಲ್ಲಿ ಬೇಕೆಂದೇ ಮನೆಯಿಂದ ಹೊರಡುವವರು.

"ಓನರ್‌ಗೆ ಹೆಗಲು ಕೊಡ್ಬೇಕು ಅಪ್ಪ. ಮಾತು ಕೊಟ್ಬಿಟ್ಟಿದ್ದೀನಿ."

"ಇದ್ರಲ್ಲೆಲ್ಲ ನಂಗೇನೂ ನಂಬಿಕೆ ಇಲ್ಲಪ್ಪ. ನಿನ್ನಿಷ್ಟ," ಎಂದರು ಅಪ್ಪ. ಆಮೇಲೆ, "ಆದ್ರೂ ನಾನಿನ್ನೂ ಇದ್ದೀನಲ್ಲಪ್ಪ" ಎಂದರು.

ಇದಕ್ಕೂ ಆಯ್ತು ಎಂದೆ. ಹೀಗೆ ಇಬ್ಬರು ಹಿರಿಯರಿಗೆ ಎರಡು ಆಯ್ತು ಹೇಳಿ, ಕರಿ ಸೂಟು ತೊಟ್ಟು ಶವಸಂಸ್ಕಾರಕ್ಕೆ ಹೋದೆ.

ಸ್ಮಶಾನ ಚರ್ಚಿನ ಹಿಂದೆಯೇ. ಗೇಟಿನಿಂದ ಗುಂಡಿಗೆ ಜಲ್ಲಿ ಹಾಕಿದ ಏರುದಾರಿ. ಇನ್ನೂರು ಜನ ಸೇರಿದ್ದರು. ಹಸಿರು ಗೇಟಿನ ರೈತ ಒಳಗೆ ಬರದೆ ಗೋಡೆಯಾಚೆ, ರಸ್ತೆಯಲ್ಲೇ ನಿಂತಿದ್ದ. ವ್ಯವಸ್ಥೆ ಮಾಡುವಾತ ನಮ್ಮ ಆರು ಜನರನ್ನು ಕರೆದು ಜೋಡಿ ಮಾಡಿದ. ನಾನೂ ತಂಗಿಯ ಮಗಳೂ ಒಂದೇ ಎತ್ತರ. ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡೆ. ಬಗ್ಗಬೇಕೆನ್ನುವಾಗ ಅಪ್ಪನ ದನಿ ಕೇಳಿತು. ದಿನವಿಡೀ ದೋಷವಿದೆಯೆಂದು ತಿರಸ್ಕರಿಸಿದ ಸ್ಟೆಂಟುಗಳನ್ನೇ ನೋಡುವವನಿಗೆ ಅಪ್ಪನ ಎದೆಯೊಳಗಿನ ಎರಡರ ಮೇಲೆ ಧೈರ್ಯ ಎಷ್ಟಿದ್ದೀತು? ನನ್ನ ತಂದೆ ಇದ್ದಾರೆ, ಆದ್ದರಿಂದ ನನ್ನಿಂದಾಗುವುದಿಲ್ಲ ಎಂದು ಹಿಂದೆ ಸರಿದೆ. ವ್ಯವಸ್ಥೆಯಾತನಿಗೆ ತಲೆಬುಡ ತಿಳಿಯಲಿಲ್ಲ. ಗ್ರಾಂಡ್ ಎಂದ.

ಐದು ಜನ ಆರನೆಯ ಜಾಗ ಬಿಟ್ಟು ನಿಂತರು. ಅಲ್ಲಿದ್ದ ಇನ್ನೂರರಲ್ಲಿ ಯಾರು ಬೇಕಾದರೂ ಮುಂದೆ ಬರಬಹುದಿತ್ತು. ಯಾರೂ ಬರಲಿಲ್ಲ. ಎಲ್ಲರೂ ಮೆಲ್ಲಗೆ ತಲೆ ತಿರುಗಿಸಿ ಗೋಡೆಯಾಚೆ ನೋಡಿದರು. ರೈತ ಆ ನೋಟವನ್ನೆಲ್ಲ ದಾಟಿಕೊಂಡು ಗೇಟಿನೊಳಗೆ ಬಂದು ನನ್ನ ಪಕ್ಕ ನಿಂತ.

"ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ ಅವ್ರು?" ಎಂದ, ನನಗೊಬ್ಬನಿಗೇ ಕೇಳುವಂತೆ.

ಸುಳ್ಳು ಹೇಳಬಹುದಿತ್ತು. ಪಟ್ಟಿ ನನ್ನ ಜೇಬಿನಲ್ಲೇ ಇತ್ತು. "ಹೇಳಿದ್ರು," ಎಂದೆ. "ನೀವು ಬೇಡ ಅಂತ."

ಬಸ್ಸು ತಡವೆಂದು ಕೇಳಿದವನ ಹಾಗೆ ಆತ ತಲೆಯಾಡಿಸಿದ. "ಹೇಳ್ದೆ ಇರ್ತಾರಾ," ಎಂದು ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಹೋಗಿ ಪೆಟ್ಟಿಗೆಯ ಕೆಳಗೆ ಹೆಗಲಿಟ್ಟ. ಅವನ ತೋಳು ತಂಗಿಯ ಮಗಳ ಹೆಗಲ ಮೇಲೆ ಬಂತು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಅವಳ ತೋಳೂ ಅವನ ಹೆಗಲ ಮೇಲೆ ಹೋಯಿತು, ಇಲ್ಲದಿದ್ದರೆ ಪೆಟ್ಟಿಗೆ ನಿಲ್ಲುವುದಿಲ್ಲ. ನಾನು ಹಿಂದೆ, ಗೆದ್ದವರ ಮನೆಯ ಟೋಪಿ ಹಿಡಿದು ನಡೆದೆ.

ಮಣ್ಣಾದ ಮೇಲೆ ರೈತ ಬಂದು ಟೋಪಿ ಇಸಿದುಕೊಂಡ. ಮುಖ ಕೆಂಪಾಗಿತ್ತು, ಏರಿನ ದಾರಿಗಿರಬಹುದು. ಹೊರಟವನು ನನ್ನ ತೋಳಿನ ಮೇಲಿದ್ದುದನ್ನು ನೋಡಿ ನಿಂತ.

"ಕೋಟು ಹಾಕ್ಕೋ," ಎಂದ. "ಚಳಿ."

ಅವನಿಗೆ ತನ್ನ ತಾತನ ಆ ಮಾತು ಗೊತ್ತಿತ್ತೋ ಇಲ್ಲವೋ, ನಾನು ಇಂದಿಗೂ ಕೇಳಿಲ್ಲ. ಹಾಕಿಕೊಂಡೆ. ಚಳಿ ನಿಜವಾಗಿಯೂ ಇತ್ತು. ಕೋಟಿನ ಗುಂಡಿ ಹಾಕಿಕೊಳ್ಳುವಾಗ ನಾಚಿಕೆಯಿಂದ ನನ್ನ ಕಿವಿ ಉರಿಯಿತು, ಮತ್ತು ಯಜಮಾನರು ಆ ಒಂದು ಮಾತನ್ನು ಜೀವಮಾನವಿಡೀ ಯಾಕೆ ಕ್ಷಮಿಸಲಿಲ್ಲ ಎಂಬುದು ಮೊದಲ ಸಲ ತಿಳಿಯಿತು. ಬೈದಿದ್ದರೆ ಸಲೀಸಾಗಿತ್ತು.

ಸಂಜೆ ಅಪ್ಪನಿಗೆ ಫೋನು ಮಾಡಿ, ನಾನು ಹೆಗಲು ಕೊಡಲಿಲ್ಲ ಎಂದೆ. ಮತ್ತೆ ಯಾರು ಕೊಟ್ಟರು ಎಂದು ಕೇಳಿದರು. ಎದುರು ಮನೆಯವರು ಎಂದೆ.

"ಒಳ್ಳೇದಾಯ್ತು," ಎಂದರು ಅಪ್ಪ. ದನಿ ಹಗುರಾಗಿತ್ತು. "ಇಂಥದ್ದಕ್ಕೆಲ್ಲ ಎದುರು ಮನೆಯವ್ರೇ ಆಗ್ಬೇಕು."

ಹೌದಪ್ಪ ಎಂದೆ. ಪಟ್ಟಿ ಇನ್ನೂ ನನ್ನ ಹತ್ತಿರವಿದೆ, ಆರನೆಯ ಹೆಸರು ನನ್ನದೇ. ಅಂದು ನಾನು ಆಯ್ತು ಎಂದಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರು ಸೋಲಲೇಬೇಕಿತ್ತು. ಸೋತು ಅಭ್ಯಾಸವಿದ್ದವರನ್ನು ನಾನು ಆರಿಸಿಕೊಂಡೆ.