ಫೋಟೊದಲ್ಲಿ ಮರ ನೆಡದ ಓಬಳಮ್ಮ

ಉದ್ದನೆಯ ಫೋಟೊ ತೆಗೆಯುವಾಗ ಎಡಗಾಲಿನ ಹಿಮ್ಮಡಿ ನೆಲಕ್ಕೆ ಊರಿ, ಮೊಣಕೈ ಪಕ್ಕೆಗೆ ಒತ್ತಿ, ಬೀಸುವ ಕಲ್ಲು ಗೂಟದ ಸುತ್ತ ತಿರುಗುವಂತೆ ಓಬಳಮ್ಮ ನಿಂತಲ್ಲೇ ತಿರುಗುತ್ತಿದ್ದಳು. ಕ್ಯಾಮೆರಾ ಮೇಲೂ ಹೋಗದು, ಕೆಳಗೂ ಬಾರದು. ಮದುವೆ ಮನೆಯಲ್ಲಿ ಅಡ್ಡ ಬಂದವರು ಬೀಗರಾಗಲಿ, ಪುರೋಹಿತರಾಗಲಿ, ಅದೇ ಮೊಣಕೈಯಲ್ಲಿ ತಳ್ಳುವಳು. ಹಿಂದೂಪುರದಲ್ಲಿ ಹೆಂಗಸು ಸ್ಟುಡಿಯೊ ನಡೆಸುತ್ತಾಳೆಂದು ನಕ್ಕವರೂ ಪಾಸ್‌ಪೋರ್ಟ್ ಫೋಟೊಗೆ ಅವಳ ಮುಂದೆಯೇ ಕೂರಬೇಕಿತ್ತು. "ಗದ್ದ ಎತ್ತು. ನಗೋದಿದ್ರೆ ಆಚೆ ಹೋಗಿ ನಗು" ಅನ್ನುವಳು.

ಮಂಡಿ ನೋವಿನಿಂದ ಮಗ್ಗದ ಗುಣಿಗೆ ಇಳಿಯಲಾಗದೆ ನಾನು ಅವಳಲ್ಲಿ ಆಲ್ಬಂ ಅಂಟಿಸಲು ಸೇರಿದೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಬೈಯುವಾಗಲೂ ಅಕ್ಕಾ ಅಂತಲೇ ಬೈಯುವಳು.

ಹೊಸ ಕಲ್ಯಾಣ ಮಂಟಪ ಕಟ್ಟಿದವನೊಬ್ಬ ಊಟದ ಹಾಲ್‌ನ ಗೋಡೆಗೆ ತನ್ನ ಹುಟ್ಟೂರು ಕಲ್ಯಾಣದುರ್ಗದ ಗುಡ್ಡಸಾಲಿನ ಉದ್ದನೆಯ ಫೋಟೊ ಬೇಕೆಂದ. ಓಬಳಮ್ಮನಿಗೆ ಆಗ ಭುಜ ಹಿಡಿದುಕೊಂಡಿತ್ತು. ಗುಡ್ಡದೆದುರು ನಿಂತು ಕ್ಯಾಮೆರಾ ನನ್ನ ಕೈಗಿಟ್ಟಳು.

"ಮೂರನೇ ಕ್ಲಾಸು ಓದಿದೋಳಿಗೆ ಇದೆಲ್ಲ ಬತ್ತದಾ?" ಅಂದೆ.

"ಗುಡ್ಡ ಎಷ್ಟನೇ ಕ್ಲಾಸು ಓದೈತೆ? ತಿರುಗಕ್ಕ."

ಎಂಟು ಫೋಟೊ ತೆಗೆದೆ. ಒಂದು ಮುಗಿದಲ್ಲಿಂದಲೇ ಇನ್ನೊಂದು. ರೇಷ್ಮೆಯ ಒಂದು ಎಳೆ ಪೋಲಾದರೂ ಅತ್ತೆಯಿಂದ ಏಟು ತಿಂದ ಕೈ ಇದು. ತೆಗೆದದ್ದನ್ನೇ ಮತ್ತೆ ತೆಗೆಯಲು ಮನಸ್ಸು ಬರಲಿಲ್ಲ. ಸ್ಟುಡಿಯೊಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಒಂದಕ್ಕೊಂದು ಕೂಡಲೇ ಇಲ್ಲ.

"ಅಂಚಿಗೆ ಅಂಚು ಇಟ್ಟು ಬಂದ್ಬುಟ್ಟಿದೀಯಲ್ಲಕ್ಕ! ಮೂರ್ರಲ್ಲಿ ಒಂದು ಪಾಲು ಮುಂದಿನ ಫೋಟೊದಾಗೂ ಇರ್ಬೇಕು. ಒಂದೇ ಕಲ್ಲು ಎರಡ್ರಾಗೂ ಕಂಡ್ರೆ ತಾನೇ ಈ ಕಂಪ್ಯೂಟರ್‌ಗೆ ಗುರುತು ಸಿಗೋದು?"

"ದಂಡ ಅಲ್ವೇನಮ್ಮ?"

"ರವಿಕೆ ಹೊಲಿಯೋವಾಗ ಒಳಕ್ಕೆ ಮಡಚ್ತೀಯಲ್ಲ, ಅದು ದಂಡವಾ?"

ಮಾರನೆಯ ದಿನ ಮತ್ತೆ ಬಸ್ಸು ಹತ್ತಿದೆವು. ಹದಿಮೂರು ಫೋಟೊ ತೆಗೆದೆ. ಈ ಸಲ ಕೂಡಿದವು. ನಾನು ತಿರುಗಿದ ಕಡೆಗೇ ನಡೆದಿದ್ದ ಮೇಕೆಯೊಂದು ಎರಡು ಸಲ ಬಂದಿತ್ತು. ಓಬಳಮ್ಮ ಒಂದನ್ನು ಅಳಿಸಿದಳು. "ಇದ್ದಿದ್ದು ಒಂದೇ" ಅಂದಳು. ಬಂಡೆ, ಒಣಹುಲ್ಲು, ಕಡಲೆಕಾಯಿ ಕಿತ್ತ ಹೊಲ ಎಲ್ಲ ಒಂದೇ ಉದ್ದಕ್ಕೆ ಬಂದವು. ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು.

ಮಂಟಪದವನು ಬಂದು ಮುಖ ಸಿಂಡರಿಸಿದ. "ಈ ರಾಳ್ಳು ಎವರು ಚೂಸ್ತಾರಮ್ಮಾ? ಈ ಕಲ್ಲುಗಳ್ನ ಯಾರು ನೋಡ್ತಾರೆ? ಒಂದು ಜಲಪಾತ, ನಾಲ್ಕು ತೆಂಗಿನ ಮರ ಹಾಕಿ. ಕಂಪ್ಯೂಟರ್‌ನಾಗೆ ಎಷ್ಟೊತ್ತಿನ ಕೆಲಸ?"

"ಹಾಕ್ಬೌದು. ಹಾಕಲ್ಲ."

"ಮದುವೆಗೆ ಬಂದೋರು ಹಸಿರು ನೋಡ್ಬೇಕಮ್ಮ."

"ಬಾಳೆಲೆ ಹಾಕ್ಸು. ಹಸಿರು ಅದ್ರಾಗೈತೆ."

ಅವನು ಹೊರಟುಹೋದ. ಅರುವತ್ತೆಂಟನೆಯ ವಯಸ್ಸಿನಲ್ಲಿ ನನ್ನ ಕೈಯಿಂದ ಬಂದ ಮೊದಲ ಚಿತ್ರ ಅದು, ಗೋಡೆ ಹತ್ತುವ ಮೊದಲೇ ಇಳಿದಿತ್ತು.

"ನಾಲ್ಕು ಮರ ಹಾಕಿದ್ರೆ ನಿನ್ನ ಗಂಟೇನು ಹೋಯ್ತದೆ? ನಾನು ತೆಗ್ದಿದ್ನ ಅಷ್ಟು ಜನ ನೋಡ್ತಿದ್ರು."

"ಮರ ಹಾಕಿದ್ಮೇಲೆ ಅದು ನೀನು ತೆಗ್ದಿದ್ದು ಹೆಂಗಾಯ್ತದಕ್ಕ?" ಎಂದು ಚಿತ್ರ ಸುತ್ತಿ ನನ್ನ ಕಂಕುಳಿಗೆ ಸಿಕ್ಕಿಸಿದಳು. "ತಗೊಂಡೋಗು. ನಿಂದು."

ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಸುರುಳಿಯನ್ನು ಬಿಚ್ಚದೆ ಅಟ್ಟಕ್ಕೆ ಎಸೆದೆ.

ಹೋದ ಬೇಸಿಗೆಯಲ್ಲಿ ರೊದ್ದಂ ಊರಿನ ಮದುವೆಗೆ ಹೊರಟ ಓಬಳಮ್ಮ ಬಸ್ ಸ್ಟ್ಯಾಂಡಿನಲ್ಲೇ ಎದೆನೋವಿನಿಂದ ಕುಸಿದು ಸತ್ತಳು. ಸ್ಟುಡಿಯೊ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಅವಳು ಹೋಗಿ ತಿಂಗಳು ಕಳೆದಿರಲಿಲ್ಲ, ಮಂಟಪದವನು ನಮ್ಮ ಮನೆಗೆ ಆಳು ಕಳಿಸಿದ.

"ನೀವು ತೆಗ್ದ ಫೋಟೊ ಕೊಡ್ಬೇಕಂತೆ ಅಜ್ಜಿ. ಮರಗಿರ ನಾವೇ ಹಾಕಿಸ್ಕೊಂತೀವಿ. ಬೇಡ ಅನ್ನೋಕೆ ಆಯಮ್ಮ ಈಗ ಇಲ್ವಲ್ಲ."

"ನಾನಿದೀನಲ್ಲ" ಅಂದೆ.

ಅವನು ಹೋದ ಮೇಲೆ ಅಟ್ಟದ ಸುರುಳಿಯನ್ನು ಮಗನ ಕೈಲಿ ತೆಗೆಸಿ ಹಜಾರದಲ್ಲಿ ಬಿಚ್ಚಿಸಿದೆ. ನಮ್ಮ ಗೋಡೆ ಸಾಲಲಿಲ್ಲ. "ಈ ಕಡೆ ಬರೀ ಕಲ್ಲು ಕಣಮ್ಮ, ಎರಡಡಿ ಕತ್ತರಿಸಿದ್ರೆ ಸರಿಯಾಗಿ ಕೂತ್ಕೊಂತದೆ" ಅಂದ ಮಗ, ಕತ್ತರಿ ಹಿಡಿದು.

"ಕತ್ತರಿ ಒಳಗಿಡು. ಮೂಲೇಲಿರೋ ಬೀರು ಸರಿಸು."

ಗುಡ್ಡ ಮೂಲೆ ತಿರುಗಿ ಪಕ್ಕದ ಗೋಡೆಗೆ ಹೋಯಿತು.