ಗೋರೆಗಾಂವ್ ಸ್ಟೇಶನ್ ಮುಂದೆ

ದೀಪಾವಳಿಯ ಪಾಡ್ಯ ಮುಗಿದ ಮರುದಿನ ಬೆಳಿಗ್ಗೆ ಆರು ಗಂಟೆಗೆ ನಾವಿಬ್ಬರೂ ಬೆಳಗಾವಿಯಿಂದ ಫಟಫಟಿಯ ಮೇಲೆ ಮುಂಬಯಿಗೆ ಹೊರಟೆವು. ಓಣಿಯ ಜನರೆಲ್ಲ ಬಾಗಿಲಲ್ಲಿ ನಿಂತಿದ್ದರು. ಹರಸಲಿಕ್ಕೆ ಬಂದವರು ಒಬ್ಬರೋ ಇಬ್ಬರೋ, ಉಳಿದವರು ನಗಲಿಕ್ಕೆ. "ಬಸ್ಸೆಲ್ಲಾ ಸತ್ತಾವೇನ ನಿಮಗ?" ಎಂದು ಎದುರುಮನೆಯ ಅಜ್ಜಿ ಕೇಳಿಯೇಬಿಟ್ಟಳು. ನಾನು ತಲೆಗೆ ಶಾಲು ಬಿಗಿದುಕೊಂಡು, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು, ಒಂದು ಮಗ್ಗುಲಾಗಿ ಕೂತಿದ್ದೆ. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಇವರು ಗಾಡಿ ಬಿಟ್ಟರು.

ಇವರು ಅಂದರೆ ನಮ್ಮ ಮನೆಯವರು, ಪ್ರಾಥಮಿಕ ಶಾಲೆಯ ಮಾಸ್ತರರು. ಗಾಡಿ ಒಬ್ಬ ಡಾಕ್ಟರರು ಓಡಿಸಿ ಬಿಟ್ಟ ಹಳೆಯ ಮೋಟಾರು ಸೈಕಲ್ಲು. ಅದನ್ನು ತಂದ ದಿನದಿಂದ ಮುಂಬಯಿ, ಮುಂಬಯಿ ಎಂದು ಇವರ ಜಪ. ಇವರ ಹೆಸರು ಕೇಳಬೇಡಿ. ಗಂಡನ ಹೆಸರು ಬಾಯಿಗೆ ತಂದರೆ ಅವನ ಆಯುಷ್ಯ ಕರಗುತ್ತದೆ ಎಂದು ನನ್ನವ್ವ ಹೇಳಿಕೊಟ್ಟಿದ್ದಳು. ಹನ್ನೊಂದು ವರ್ಷದಿಂದ "ರೀ" ಅಂದರೆ ಅವರು, "ಏ, ಕೇಳಿಲ್ಲೆ" ಅಂದರೆ ನಾನು. ಸಂಸಾರ ಅಷ್ಟರಲ್ಲೇ ಸುಖವಾಗಿ ಸಾಗಿತ್ತು. ಮದುವೆಯಲ್ಲಿ ಒಡಪು ಹಾಕು, ಎರಡು ಸಾಲು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳು ಎಂದು ಹೆಂಗಸರು ಬಾಗಿಲು ತಡೆದಾಗಲೂ ನಾನು ಅತ್ತು ತಪ್ಪಿಸಿಕೊಂಡವಳು.

ಮೊದಲ ದಿನ ಕೊಲ್ಲಾಪುರದಲ್ಲೇ ನಿಂತೆವು. ದೂರ ನೂರು ಕಿಲೋಮೀಟರಿನ ಮೇಲೆ ಸ್ವಲ್ಪ, ಆದರೆ ಅಂಬಾಬಾಯಿಯ ದರ್ಶನ ಮಾಡದೆ ಮುಂದೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ಅಲ್ಲಿ ಗಾಡಿಯ ಚೈನು ಬಿಗಿ ಮಾಡಿದ ಮಿಸ್ತ್ರಿ, ಮುಂಬಯಿಯಲ್ಲಿ ಎಲ್ಲಿ ಇಳಿಯುತ್ತೀರಿ ಎಂದು ವಿಚಾರಿಸಿದ. ಯಾವುದಾದರೂ ಲಾಡ್ಜು ಎಂದರು ಇವರು.

"ಲಾಜಿಗೆ ಯಾಕ ಹೊಕ್ಕೀರಿ ಮಾಸ್ತರ? ಗೋರೆಗಾಂವದಾಗ ಪಾಟೀಲ ಕಾಕಾ ಅದಾರ. ಬಿಜಾಪುರ ಕಡೆಯವರು. ಫಟಫಟಿ ಮ್ಯಾಲ ದೂರದಿಂದ ಬಂದಾವರನ್ನ ಮನಿಯಾಗ ಇಟ್ಟುಗೊಂತಾರ. ನಾ ಕಳಿಸೀನಿ ಅನ್ರಿ ಸಾಕು," ಎಂದು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟ. ಚೀಟಿ ಇವರ ಅಂಗಿಯ ಕಿಸೆ ಸೇರಿತು.

ಎರಡನೆಯ ದಿನ ಪುಣೆ. ಬಿಸಿಲು ಹಿತವಾಗಿತ್ತು, ದಾರಿಯ ಎರಡೂ ಕಡೆ ಕಬ್ಬು. ಸಾತಾರೆಯ ಹತ್ತಿರ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸೊಂಟ ನನ್ನದೋ ಬೇರೆಯವರದೋ ತಿಳಿಯದ ಸ್ಥಿತಿಯಲ್ಲಿ ಧರ್ಮಶಾಲೆ ಮುಟ್ಟಿದೆ. ಮೂರನೆಯ ದಿನ ನಸುಕಿನಲ್ಲೇ ಹೊರಟು ಖಂಡಾಲದ ಘಾಟು ಇಳಿದೆವು. ಮಂಜಿನಲ್ಲಿ ಇವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಘಾಟಿನ ಕೆಳಗೆ ಸೆಕೆ ಕೈಹಿಡಿದುಕೊಂಡು ಬಂತು, ಪನವೇಲದಲ್ಲಿ ಶಾಲು ಬಿಚ್ಚಿದೆ.

ಮುಂಬಯಿಯ ಅಂಚಿನ ಠಾಣೆ ಊರಿಗೆ ಬರುವಷ್ಟರಲ್ಲಿ ಹಿಂದಿನ ಗಾಲಿ ಕಿರ್ರ್ ಅನ್ನತೊಡಗಿತ್ತು. ನಾಲ್ಕು ಸ್ಪೋಕು ಮುರಿದಿದ್ದವು. ಅಲ್ಲಿಯ ಮಿಸ್ತ್ರಿ ಗಾಲಿ ನೋಡಿದ, ನನ್ನನ್ನು ನೋಡಿದ, ಮತ್ತೆ ಗಾಲಿ ನೋಡಿ ಹಿಂದಿಯಲ್ಲಿ, ಒಬ್ಬರು ಹೋಗಬಹುದು, ಇಬ್ಬರಾದರೆ ಗಾಲಿ ಉಳಿಯುವುದಿಲ್ಲ ಎಂದ. ನನ್ನ ಮೈ ಅಷ್ಟೇನೂ ಭಾರವಿಲ್ಲ ಎಂದು ಇಲ್ಲಿ ದಾಖಲು ಮಾಡಿಬಿಡುತ್ತೇನೆ.

ಇವರು ನನ್ನನ್ನು ಲೋಕಲ್ ಟ್ರೇನು ಹತ್ತಿಸಲು ನಿಶ್ಚಯಿಸಿದರು. "ದಾದರದಾಗ ಇಳಿ, ಬ್ರಿಜ್ ದಾಟಿ ಬೋರಿವಲಿ ಗಾಡಿ ಹತ್ತು. ಗೋರೆಗಾಂವ ಸ್ಟೇಶನ್ ಮುಂದ ನಿಂತಿರು. ನಾ ರಸ್ತೆ ಮ್ಯಾಲ ಬಂದು ಕರಕೊಂಡು ಹೊಕ್ಕೀನಿ. ಅಲ್ಲಿಂದ ಅಳ್ಳಾಡಬ್ಯಾಡ ಮತ್ತ!"

"ನೀವು ಅಳ್ಳಾಡದಂಗ ಬರ್ರಿ ಮೊದಲ," ಎಂದೆ.

ದಾದರಿನ ಸೇತುವೆಯ ಮೇಲೆ ನಾನು ನಡೆಯಲಿಲ್ಲ, ಜನ ನಡೆಸಿದರು. ಹೆಂಗಸರ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಬದಿಗೆ ಮೂಗು ಮುಚ್ಚಿಕೊಂಡು ನಿಂತು, ಪ್ರತಿ ಸ್ಟೇಶನ್ನಿಗೂ "ಗೋರೆಗಾಂವ್?" ಎಂದು ಕೇಳಿ, ಎಲ್ಲರಿಂದ ಬೈಸಿಕೊಂಡು, ಕೊನೆಗೆ ಅವರೇ ನೂಕಿದಾಗ ಇಳಿದೆ. ಎಲ್ಲರೂ ಹೋದ ಕಡೆಗೆ ಹೋದೆ. ಹೊರಗೆ ಬಂದರೆ ಎದುರಿಗೆ ಪೇಟೆ, ಬಾಳೆಹಣ್ಣಿನ ಗಾಡಿ, ಚಹಾದ ಅಂಗಡಿ. ಸ್ಟೇಶನ್ ಮುಂದೆ ನಿಲ್ಲು ಎಂದಿದ್ದರು, ನಿಂತೆ. ಆಗ ಮಧ್ಯಾಹ್ನ ಒಂದು ಗಂಟೆ.

ಒಂದೂವರೆ ಆಯಿತು, ಎರಡಾಯಿತು, ಎರಡೂವರೆಯೂ ಆಯಿತು. ಕೈಯಲ್ಲಿ ಗಂಟು, ಕಿಸೆಯ ಚೀಟಿ ಅವರ ಹತ್ತಿರ. ಮೊದಲು ಸಿಟ್ಟು ಬಂತು, ಆಮೇಲೆ ಸಿಟ್ಟು ಹೋಗಿ ಹೆದರಿಕೆ ಬಂತು. ಅಳು ಬರುವ ಮೊದಲೇ ಒಬ್ಬ ಐವತ್ತು ದಾಟಿದ ಹೆಂಗಸು, ಇಳಕಲ್ ಸೀರೆಯವರು, ಕೈಚೀಲದಲ್ಲಿ ಮೆಂತ್ಯದ ಸೊಪ್ಪು ಹಿಡಿದು ನನ್ನ ಎದುರು ಬಂದು ನಿಂತರು. ನನ್ನ ಮುಖ ನೋಡಲಿಲ್ಲ, ಸೀರೆ ನೋಡಿದರು.

"ಸೀರಿ ಒಂದ ಮಗ್ಗಲಾ ಅಷ್ಟ ಧೂಳ ಆಗ್ಯದಲ್ಲ! ಫಟಫಟಿ ಮ್ಯಾಲ ಬಂದೀಯೇನ ತಂಗಿ?"

ಕೊಲ್ಲಾಪುರ ಬಿಟ್ಟ ಮೇಲೆ ಬೇರೆಯವರ ಬಾಯಲ್ಲಿ ಮೊದಲ ಸಲ ಕೇಳಿದ ನಮ್ಮ ಮಾತು. ನಾನು ಅತ್ತೇಬಿಟ್ಟೆ. ಅತ್ತುಕೊಂಡೇ ಕೊಲ್ಲಾಪುರದ ಮಿಸ್ತ್ರಿಯ ಹೆಸರು ಹೇಳಿ, ಪಾಟೀಲ ಕಾಕಾ ಎಂದೆ. "ನಾನ ಅವರ ಮನಿಯಾಕಿ. ನಡಿ, ನಡಿ," ಎಂದು ನನ್ನ ಗಂಟನ್ನು ಕಸಿದುಕೊಂಡು, ಬಾಳೆಹಣ್ಣಿನವನಿಗೆ ಮರಾಠಿಯಲ್ಲಿ, ಫಟಫಟಿಯವನು ಬಂದರೆ ನಮ್ಮ ಚಾಳಿಗೆ ಕಳಿಸು ಎಂದು ಅಪ್ಪಣೆ ಕೊಟ್ಟು ಹೊರಟೇಬಿಟ್ಟರು. ಅಳ್ಳಾಡಬೇಡ ಎಂಬ ಮಾತು ನೆನಪಾಯಿತು. ಆದರೆ ಹೊಟ್ಟೆ ಹಸಿದಿತ್ತು, ಕಾಕಾರ ಮನೆಯವರು, ಅಂದರೆ ಕಾಕು, ಮುಂದೆ ಮುಂದೆ ಹೋಗುತ್ತಿದ್ದರು.

ಮನೆ ಹತ್ತೇ ನಿಮಿಷದ ದಾರಿ. ಸಾಲುಮನೆಗಳ ಚಾಳು, ಅದರ ನೆಲಮಹಡಿಯಲ್ಲಿ ಎರಡು ಖೋಲಿ. ಕಾಕಾ ಗ್ರಾಂಟ್ ರೋಡಿನ ಒಂದು ಮೋಟಾರು ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಾಡಿ ಕೆಟ್ಟು ಸಾಮಾನು ಹುಡುಕಿಕೊಂಡು ಬಂದವರು, ರಾತ್ರಿ ಎಲ್ಲಿ ಮಲಗುವುದು ಎಂದು ನಿಂತರೆ ಕಾಕಾ ಮನೆಗೆ ಕರೆತರುತ್ತಿದ್ದರಂತೆ. ಹಾಗೆ ಶುರುವಾದದ್ದು ರೂಢಿಯಾಗಿ, ಈಗ ಊರೂರಿನ ಮಿಸ್ತ್ರಿಗಳೇ ಜನ ಕಳಿಸುತ್ತಾರೆ. ಮುಂದಿನ ಖೋಲಿ ಅತಿಥಿಗಳಿಗೆ, ಗಾಡಿ ಚಾಳಿನ ಓಣಿಯಲ್ಲಿ. ನೆರೆಯವರು ಸದ್ದಿಗೆ ಗೊಣಗುತ್ತಾರೆ, ಆಮೇಲೆ ಮೊದಲು ನೋಡಲು ಬರುವವರೂ ಅವರೇ.

ಬಾಗಿಲ ಬದಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಹೆಸರುಗಳು. ಇಂದೂರು, ಹೈದರಾಬಾದು, ನಾಗಪುರ, ಒಂದೆರಡು ಇಂಗ್ಲಿಷಿನಲ್ಲಿ. ಬಂದವರೆಲ್ಲ ಬರೆಯಬೇಕು, ಅದು ಕಾಕಾರ ಕಾಯಿದೆ. ಕಾಕುವಿನ ಕಾಯಿದೆ ಬೇರೆ. ಗಾಡಿಯ ಮೇಲೆ ಬಂದ ಹೆಂಗಸು ಊಟಕ್ಕೆ ಮೊದಲು ಒಡಪು ಹಾಕಬೇಕು.

"ಫಾರಿನ್ನಾಕಿ ಸುದ್ದಾ ಹಾಕ್ಯಾಳ ತಂಗಿ. ಬಂದಾಗಿಂದ 'ಟಾಮ್, ಟಾಮ್' ಅಂತ ಗಂಡನ್ನ ಆಕಳ ಕರಾ ಕರದಂಗ ಕರೀತಿದ್ದಳು. ಹಂಗಲ್ಲವಾ, ಹಿಂಗ ಅಂತ ಕಲಿಸಿದೆ. ಬೆಲ್ಲಕ್ಕಿಂತ ಸಿಹಿ ಸಕ್ಕರಿ, ಟಾಮರಾಯರ ಮ್ಯಾಲ ನನಗ ಅಕ್ಕರಿ! ಮೂರು ಸಲ ಅಂದಳು. ಚಾಳೆಲ್ಲಾ ನಕ್ಕಿತು. ಈಗ ನೀ ಹೇಳು."

"ಅವರು ಬಂದ ಮ್ಯಾಲ ಹೇಳ್ತೀನ್ರಿ ಕಾಕು," ಎಂದು ತಲೆ ತಗ್ಗಿಸಿದೆ. ಕಾಕು ನಕ್ಕು ರೊಟ್ಟಿ ಬಡಿಸಿದರು. ಬಿಸಿ ರೊಟ್ಟಿ, ಮೆಂತ್ಯದ ಪಲ್ಯ, ಗಟ್ಟಿ ಮೊಸರು. ಎರಡು ತುತ್ತು ತಿಂದು ಬಾಗಿಲ ಕಡೆಗೆ ತಿರುಗಿ ಕೂತೆ.

ನಾಲ್ಕು ಗಂಟೆಗೆ ಬಾಳೆಹಣ್ಣಿನವನೇ ಓಡಿ ಬಂದ. ಇವರು ಬಂದರೆಂದು ನಾನು ಎದ್ದು ನಿಂತೆ. ಅವನು ನನ್ನ ಕಡೆ ನೋಡದೆ ಕಾಕುವಿಗೆ ಏನೋ ಹೇಳಿದ. ಕಾಕುವಿನ ಮುಖ ಸಣ್ಣದಾಯಿತು. ಹೈವೇಯಲ್ಲಿ ಒಂದು ಫಟಫಟಿ ಬಿದ್ದಿದೆಯಂತೆ. ಸವಾರನನ್ನು ದವಾಖಾನೆಗೆ ಒಯ್ದಿದ್ದಾರಂತೆ. ಯಾರೆಂದು ಗೊತ್ತಿಲ್ಲವಂತೆ.

"ಹೆಸರು ಹೇಳು ತಂಗಿ," ಎಂದರು ಕಾಕು. "ಹೊಟೇಲಿನಾಗ ಫೋನ್ ಅದ. ದವಾಖಾನಿಗೆ ಹಚ್ಚಿ ಕೇಳಸ್ತೀನಿ."

ಆಯುಷ್ಯ ಕರಗುತ್ತದೆ ಎಂದಿದ್ದಳು ಅವ್ವ. ಇದ್ದಷ್ಟು ಆಯುಷ್ಯ ಯಾವುದೋ ದವಾಖಾನೆಯ ಮಂಚದ ಮೇಲೆ ಇರುವಾಗ ನಾನೇ ಕೈಯಾರೆ ಕರಗಿಸಲೇ? ಬರೆಯಬಹುದು, ಬರೆದರೆ ದೋಷವಿಲ್ಲ. ಒಲೆಯ ಬದಿಯ ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ, ನಾಗಪುರದವರ ಕೆಳಗೆ, ದೊಡ್ಡದಾಗಿ ಬರೆದೆ.

ಕಾಕು ಗೋಡೆ ನೋಡಿದರು, ನನ್ನನ್ನು ನೋಡಿದರು. "ನನಗ ಓದಾಕ ಬರೂದಿಲ್ಲಲ್ಲ ಯವ್ವಾ!"

ಬಾಳೆಹಣ್ಣಿನವನಿಗೆ ಕನ್ನಡ ಬಾರದು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಇರಲಿ ಬಿಡು, ನಾವ ಹೋಗೂಣು ದವಾಖಾನಿಗೆ," ಎಂದು ಕಾಕು ಚಪ್ಪಲಿ ಮೆಟ್ಟಿದರು. "ಈಸ್ಟಿನಿಂದ ಟ್ಯಾಕ್ಸಿ ಸಿಗತದ. ಹೈವೇ ಆ ಕಡೆಗೇ ಅದ."

"ಈಸ್ಟು ಅಂದರ?" ಎಂದೆ, ಓಡುತ್ತಲೇ.

"ಸ್ಟೇಶನ್ ಆ ಕಡೆ ತಂಗಿ. ಇದು ವೆಸ್ಟು. ಅಲ್ಲೂ ಹಿಂಗ ಬಾಗಲಾ ಅದ, ಪ್ಯಾಟಿ ಅದ."

ನನ್ನ ಕಾಲು ಅಲ್ಲೇ ನಿಂತವು. ಬೆಳಗಾವಿಯ ಸ್ಟೇಶನ್ನಿಗೆ ಒಂದು ಮುಂದೆ, ಒಂದು ಹಿಂದೆ. ಧಾರವಾಡಕ್ಕೂ ಹಾಗೆಯೇ. ಮುಂದೆ ಅಂದರೆ ಮುಂದೆ. ಎರಡು ಮುಂದೆ ಇರುವ ಸ್ಟೇಶನ್ ಉಂಟೆಂದು ಮಾಸ್ತರರಿಗೂ ಗೊತ್ತಿರಲಿಲ್ಲ, ಮಾಸ್ತರರ ಹೆಂಡತಿಗೂ ಗೊತ್ತಿರಲಿಲ್ಲ! ಸೀರೆ ಎತ್ತಿ ಹಿಡಿದು ಸ್ಟೇಶನ್ನಿನ ಸೇತುವೆಯ ಮೆಟ್ಟಿಲು ಹತ್ತಿದೆ. ಕಾಕು ಹಿಂದೆ ಉಳಿದರು.

ಸೇತುವೆಯ ಆ ತುದಿಯಿಂದ ನೋಡಿದೆ. ಕೆಳಗೆ ಟ್ಯಾಕ್ಸಿಗಳ ಬದಿಯಲ್ಲಿ ನಮ್ಮ ಗಾಡಿ. ಇವರು ಇದ್ದರು, ಕೈಕಾಲು ಸರಿಯಾಗಿದ್ದವು. ದವಾಖಾನೆಯಲ್ಲಿದ್ದವನು ಬೇರೆ ಯಾರೋ ಪುಣ್ಯಾತ್ಮ. ನನ್ನ ಜೀವ ಅರ್ಧ ಬಂತು. ಅರ್ಧ ಬರಲಿಲ್ಲ, ಯಾಕೆಂದರೆ ಇವರು ಗಾಡಿಗೆ ಕಿಕ್ ಹೊಡೆಯುತ್ತಿದ್ದರು, ಮುಖ ಹೈವೇಯ ಕಡೆಗಿತ್ತು. ನನ್ನನ್ನು ಹುಡುಕಲು ತಿರುಗಿ ಠಾಣೆಗೆ ಹೊರಟಿದ್ದರು. ಆ ಮುರುಕು ಗಾಲಿಯ ಮೇಲೆ ಈ ಊರಿನ ಲಾರಿಗಳ ನಡುವೆ ಹೋದರೆ ಮತ್ತೆ ಎಲ್ಲಿ ಸಿಗುತ್ತಾರೆ?

"ರೀ!" ಎಂದು ಕೂಗಿದೆ. ಕೆಳಗೆ ಟ್ರೇನು ಹಾಯಿತು, ನನ್ನ "ರೀ" ಅದರ ಜೊತೆಗೆ ಹೋಯಿತು. "ಮಾಸ್ತರ! ಏನ್ರೀ, ಇಲ್ಲಿ ಕೇಳ್ರಿ!" ಎಂದೆ. ನಾಲ್ಕು ಅಪರಿಚಿತ ಗಂಡಸರು ತಿರುಗಿ ನೋಡಿದರು, ನನ್ನವರು ನೋಡಲಿಲ್ಲ. ಗಾಡಿ ಶುರುವಾಯಿತು. ಒಂದು ಕಾಲು ಎತ್ತಿ ಹತ್ತಿದರು.

"ವಿರೂಪಾಕ್ಷಾ!"

ಹನ್ನೊಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಂದೇ ಉಸಿರಿಗೆ ಬಂತು. "ಏ ವಿರೂಪಾಕ್ಷಾ! ನಿಂದರೋ!" ಬಹುವಚನಕ್ಕೂ ಪುರುಸೊತ್ತಿರಲಿಲ್ಲ.

ಅವರು ಗಾಡಿ ಬಂದ್ ಮಾಡಿದರು. ಮೊದಲು ಆಚೆ ಈಚೆ ನೋಡಿ, ಆಮೇಲೆ ಕತ್ತು ಎತ್ತಿದರು. ನಾನು ಇಳಿದು ಹತ್ತಿರ ಹೋದಾಗಲೂ ಗಾಡಿಯ ಮೇಲೆಯೇ ಕೂತಿದ್ದರು. ಮಧ್ಯಾಹ್ನ ಒಂದೂವರೆಯಿಂದ ಅಲ್ಲೇ ನಿಂತಿದ್ದರಂತೆ. ನೀನು ಬಂದು ಹುಡುಕಿದರೆ ಎಂದು ಚಹಾ ಕುಡಿಯಲೂ ಹೋಗಲಿಲ್ಲವಂತೆ. ಬಂದು ಹೋದವರನ್ನೆಲ್ಲ "ನಮ್ಮನಿಯಾಕಿನ್ನ ಕಂಡಿರೇನ್ರಿ?" ಎಂದು ಕೇಳಿದ್ದರಂತೆ. ನನ್ನ ಹೆಸರು ಅವರೂ ಹೇಳಿರಲಿಲ್ಲ.

"ಬೈಯ್ರಿ," ಎಂದೆ. "ಹೆಸರು ಹಿಡದು ಕರದೆ. ಬೈಯ್ರಿ."

ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿದರು. "ಅವ್ವ ಕರದಂಗಾತು," ಎಂದರು. ಅತ್ತೆ ತೀರಿಕೊಂಡು ಆಗ ಒಂದು ವರ್ಷ. ಆ ಹೆಸರಿನಿಂದ ಇವರನ್ನು ಕರೆಯುವವರು ಅವರ ನಂತರ ಯಾರೂ ಇರಲಿಲ್ಲ. ಹನ್ನೊಂದು ವರ್ಷ ಜೊತೆಗಿದ್ದು ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಕಾಕು ಏದುಸಿರು ಬಿಡುತ್ತ ಸೇತುವೆ ಇಳಿದು ಬಂದರು. "ಒಡಪು ಬ್ಯಾಡ ಬಿಡು ತಂಗಿ. ನಿನ್ನದು ಇಡೀ ಗೋರೆಗಾಂವ ಕೇಳ್ಯದ."

ಹೈವೇಯಲ್ಲಿ ಬಿದ್ದವನು ಎಮ್ಮೆ ಕಟ್ಟುವ ತಬೇಲೆಯ ಹಾಲಿನವನಂತೆ. ಮೊಣಕಾಲು ತರಚಿತ್ತು, ಹಾಲು ಚೆಲ್ಲಿತ್ತು, ಅಷ್ಟೇ. ಇದನ್ನು ಸಂಜೆ ಕಾಕಾ ಸುದ್ದಿ ತಂದು ಹೇಳಿದರು. ಕಾಕಾರದು ಸಣ್ಣ ದೇಹ, ಮೆಲ್ಲಗಿನ ಮಾತು. ಮರುದಿನ ಇವರನ್ನು ಗ್ರಾಂಟ್ ರೋಡಿಗೆ ಕರೆದೊಯ್ದು ಸ್ಪೋಕು ಕೊಡಿಸಿ, ಉಡುಪಿ ಹೊಟೇಲಿನಲ್ಲಿ ಮಸಾಲೆದೋಸೆ ತಿನ್ನಿಸಿ, ಸಂಜೆ ಓಣಿಯಲ್ಲಿ ಲಾಟೀನು ಹಿಡಿದು ಗಾಲಿ ತಾವೇ ಕಟ್ಟಿದರು. ಇನ್ನೊಂದು ದಿನ ಮಲಾಡ್ ಕಡೆಯಿಂದ ಬಸ್ಸಿನಲ್ಲಿ ಸಮುದ್ರಕ್ಕೆ ಹೋದೆವು. ಸಮುದ್ರ ದೊಡ್ಡದಿತ್ತು. ನಾನು ಇವರ ತೋಳು ಬಿಡಲಿಲ್ಲ. ಮುಂಬಯಿಯಲ್ಲಿ ಅದನ್ನು ಯಾರೂ ತಿರುಗಿ ನೋಡುವುದೂ ಇಲ್ಲ.

ಹೊರಡುವ ಬೆಳಿಗ್ಗೆ ಕಾಕಾ ಇವರ ಕೈಗೆ ಇದ್ದಿಲು ಕೊಟ್ಟರು. ಗೋಡೆಯ ಮೇಲೆ ಹೆಸರು ಆಗಲೇ ಇತ್ತು. ಇವರು ಅದರ ಬದಿಗೆ, ಶಾಲೆಯ ಹಲಗೆಯ ಮೇಲೆ ಬರೆಯುವಂತೆ ದುಂಡಗೆ, ಒಡಪಿನ ಹಾಗೆ ಎರಡು ಸಾಲು ಬರೆದರು. "ಏನು ಬರದ್ರಿ ಮಾಸ್ತರ?" ಎಂದು ಕಾಕು ಕೇಳಿದರು. ಇವರು ನಾಚಿಕೊಂಡು ಗಾಡಿ ತಳ್ಳುತ್ತ ಹೊರಗೆ ಹೋದರು. ಕಾಕಾ ಓದಿ ಹೇಳುವಷ್ಟರಲ್ಲಿ ನಾನೂ ಹೊರಗೆ ಓಡಿದ್ದೆ. ಚಾಳಿನ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಕಾಕು ಕೈ ಬೀಸುತ್ತ ಬಿದ್ದು ಬಿದ್ದು ನಗುತ್ತಿದ್ದರು.

ಠಾಣೆಯಲ್ಲಿ, ನನ್ನನ್ನು ಟ್ರೇನು ಹತ್ತಿಸಿದ ಜಾಗದ ಹತ್ತಿರ, ಇವರು ಗಾಡಿ ನಿಲ್ಲಿಸಿದರು. ಗಾಲಿ ಗಟ್ಟಿಯಾಗಿತ್ತು, ನಿಲ್ಲಿಸಲು ಕಾರಣವಿರಲಿಲ್ಲ. ಮುಂದೆ ನೋಡಿಕೊಂಡೇ ಹೇಳಿದರು.

"ಸುಶೀಲಾ, ಇಳಿ. ಚಹಾ ಕುಡಿಯೂಣು."

ಯಾರನ್ನು ಕರೆದರು ಎಂದು ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ಆಮೇಲೆ ಇಳಿದೆ.